ಯಾರ ಪೈಕಿ

ರೈಲು ಘಟಪ್ರಭಾ ಮುಟ್ಟುವ ಮೊದಲು ಕರೆಪ್ಪ ಟೈ ಬಿಚ್ಚಿ ಚೀಲದೊಳಗೆ ಹಾಕಿದ. ಆಮೇಲೆ ಏನನ್ನಿಸಿತೋ, ಮತ್ತೆ ತೆಗೆದು ಕಟ್ಟಿಕೊಂಡ. ಫಸ್ಟ್‌ಕ್ಲಾಸಿನ ಆ ಡಬ್ಬಿಯಲ್ಲಿ ಪುಣೆಯಿಂದ ಇಲ್ಲಿಯತನಕ ಅವನೊಬ್ಬನೇ. ಕಿಟಕಿಯ ಗಾಜಿನಲ್ಲಿ ಕಂಡದ್ದು ದಪ್ಪ ಕನ್ನಡಕದ, ಕೆನ್ನೆ ತುಂಬಿಕೊಂಡ, ಯಾವ ಸೀಮೆಯದೆಂದು ಹೇಳಲು ಬಾರದ ಮುಖ. ಇಂಥ ಮುಖ ಮಾಡಿಕೊಳ್ಳಲು ತನಗೆ ಅರ್ಧ ಆಯುಷ್ಯವೇ ಹಿಡಿಯಿತಲ್ಲ ಎಂದುಕೊಳ್ಳುತ್ತ ಟೋಪಿಯನ್ನು ತಲೆಗಿಟ್ಟುಕೊಂಡ. ಪ್ಲಾಟ್‌ಫಾರ್ಮಿನ ಮೇಲೆ ಮಾಮಲೇದಾರರು ಹಾರ ಹಿಡಿದು ನಿಂತಿದ್ದರು. ಅವರ ಬದಿಗೆ ಬಿಳಿ ರುಮಾಲು ಸುತ್ತಿ ಹಣೆಗೆ ವಿಭೂತಿ ಹಚ್ಚಿದ ಎತ್ತರದ ಗೃಹಸ್ಥರೊಬ್ಬರು. ಇವರು ಮೂಡಲಗಿಯ ಅರಳೆ ವ್ಯಾಪಾರಿ ವೀರಪ್ಪನವರು, ಸಾಹೇಬರ ಮಧ್ಯಾಹ್ನದ ಊಟ ಇವರ ಮನೆಯಲ್ಲಿ, ಸಂಜೆ ಗೋಕಾಕದಲ್ಲಿ ನಡೆಯುವ ಸತ್ಕಾರವೂ ಇವರ ಮುಂದಾಳುತನದಲ್ಲೇ ಎಂದು ಮಾಮಲೇದಾರರು ತಿಳಿಸಿದರು. ಹಾರ ಹಾಕಿಸಿಕೊಳ್ಳಲು ಟೋಪಿ ತೆಗೆಯಬೇಕಾಯಿತು. ಜನವರಿಯ ತಂಪು ಗಾಳಿ ನೆತ್ತಿಗೆ ತಗಲಿದಾಗ, ಯಾರೋ ತನ್ನ ಹೆಸರು ಹಿಡಿದು ಕೂಗಿಯಾರೆಂಬ ಅಂಜಿಕೆ ಅವನ ಬೆನ್ನಗುಂಟ ಹಾಯ್ದು ಹೋಯಿತು. ಯಾರೂ ಕೂಗಲಿಲ್ಲ. ಕೂಗಲಿ ಎಂದೂ ಅವನೊಳಗಿನ ಯಾವುದೋ ಮೂಲೆ ಕಾಯುತ್ತಿತ್ತೇನೋ; ಜೀಪಿನಲ್ಲಿ ಕುಳಿತ ಮೇಲೂ ಆತ ಒಮ್ಮೆ ಹಿಂದಿರುಗಿ ಸ್ಟೇಶನ್ನಿನ ಕಡೆ ನೋಡಿದ.

ದಿಲ್ಲಿಯಲ್ಲಿ ಅವನು ಡಾಕ್ಟರ್ ಕೆ. ಎಂ. ಕೌಜಲಗಿ, ಸರಕಾರದ ಆರ್ಥಿಕ ಸಲಹೆಗಾರ. ಕಾಲುವೆಯ ನೀರು ಬಂದ ಮೇಲೆ ಈ ಭಾಗದ ಒಕ್ಕಲುತನ ಎಷ್ಟು ಸುಧಾರಿಸಿದೆ, ಇಲ್ಲಿಗೊಂದು ಸಕ್ಕರೆ ಕಾರಖಾನೆ ಕೊಟ್ಟರೆ ನಡೆದೀತೇ ಎಂಬುದನ್ನು ನೋಡಿ ವರದಿ ಕೊಡಲು ಬಂದಿದ್ದ. ಬೇರೆ ಯಾರನ್ನಾದರೂ ಕಳಿಸಬಹುದಿತ್ತು. ಪ್ರವಾಸದ ಕಾಗದದ ಮೇಲೆ ಗೋಕಾಕ ಎಂಬ ಹೆಸರು ಕಂಡಾಗ ಅವನೇ ಬರುತ್ತೇನೆಂದು ಸಹಿ ಮಾಡಿದ್ದ. ಸಹಿ ಮಾಡಿದ ಗಳಿಗೆಯಿಂದ ಪಶ್ಚಾತ್ತಾಪಪಡುತ್ತಿದ್ದ. ಜೀಪು ಕಲ್ಲೋಳಿಯ ದಾರಿ ಹಿಡಿಯುತ್ತಿದ್ದಂತೆ ವೀರಪ್ಪನವರು ಹಿಂದಿನ ಸೀಟಿನಿಂದ ಮುಂದೆ ಬಾಗಿ, ಸಾಹೇಬರು ನಮ್ಮ ಕೌಜಲಗಿಯವರೇ ಎಂದು ಪೇಪರಿನಲ್ಲಿ ಓದಿ ಎಲ್ಲರಿಗೂ ಆನಂದವಾಯಿತು ಎಂದರು. ಆಮೇಲೆ ಬಹಳ ಮೆದುವಾಗಿ, ಎಲೆ ಅಡಿಕೆ ಮುಂದೆ ಮಾಡಿದಷ್ಟು ಸಹಜವಾಗಿ ಕೇಳಿದರು:

"ಕೌಜಲಗ್ಯಾಗ ಯಾರ ಪೈಕಿ ಸಾಹೇಬ್ರ ನೀವು?"

ಈ ಪ್ರಶ್ನೆ ಅವನಿಗೆ ಹೊಸದಲ್ಲ. ಮುಂಬಯಿಯಲ್ಲಿ, ದಿಲ್ಲಿಯಲ್ಲಿ, ಲಂಡನ್ನಿನ ಮಂಜಿನಲ್ಲಿ ಕನ್ನಡ ಮಾತಾಡುವವನೊಬ್ಬ ಸಿಕ್ಕಾಗಲೂ ಇದೇ ಪ್ರಶ್ನೆ ಬೇರೆ ಬೇರೆ ಅಂಗಿ ತೊಟ್ಟು ಎದುರಿಗೆ ಬಂದಿತ್ತು. ಹೆಣ್ಣು ಕೊಡಲು ಬಂದವರೂ ಇದರಿಂದಲೇ ಸುರು ಮಾಡುತ್ತಿದ್ದರು. ಅವನು ಏನೋ ನೆಪ ತೆಗೆದು ಎದ್ದು ಬಿಡುತ್ತಿದ್ದ. ಹಾಗಾಗಿ ಮದುವೆಯ ವಯಸ್ಸು ಒಂದು ದಿನ ತಾನಾಗಿಯೇ ದಾಟಿಹೋಗಿತ್ತು. ಹುಕ್ಕೇರಿಯ ಸಾಲೆಯಲ್ಲಿ ಹೆಸರು ಹಚ್ಚುವಾಗ ಮಾಸ್ತರರು ಅಡ್ಡಹೆಸರು ಏನೆಂದು ಕೇಳಿದ್ದರು. ಅಪ್ಪ ಮಾಯಪ್ಪ ಅಂಗಳದಲ್ಲೇ ನಿಂತು, ನಮಗೆಂಥಾ ಅಡ್ಡಹೆಸರು ಎಂದು ತಲೆ ಕೆರೆದುಕೊಂಡಿದ್ದ. ಮಾಸ್ತರರು ಒಳ್ಳೆಯವರು. ಒಮ್ಮೆ ಅಪ್ಪನನ್ನು, ಒಮ್ಮೆ ಹುಡುಗನನ್ನು ನೋಡಿ, ಊರಿನ ಹೆಸರನ್ನೇ ಬರೆದುಕೊಂಡರು. ಮುಂದೆ ಉಪಯೋಗ ಬೀಳುತ್ತದೆ ಎಂದಿದ್ದರು. ಬಿತ್ತು. ಕೌಜಲಗಿ ಎಂಬ ಅಡ್ಡಹೆಸರಿನವರು ಗೌಡರಿರಬಹುದು, ಅಂಗಡಿಕಾರರಿರಬಹುದು, ಕುಲಕರ್ಣಿಯರಿರಬಹುದು. ಕೇಳಿದವರು ತಮಗೆ ಬೇಕಾದಂತೆ ತಿಳಿದುಕೊಳ್ಳುತ್ತಿದ್ದರು. ಅವನು ಸುಳ್ಳು ಹೇಳಿದವನಲ್ಲ. ಸುಮ್ಮನಿದ್ದವನು, ಅಷ್ಟೇ. ಈಗಲೂ, ನಾವು ಊರು ಬಿಟ್ಟು ಬಹಳ ದಿನವಾಯಿತು, ತಂದೆ ಮುಂಬಯಿ ಕಡೆಗಿದ್ದರು ಎಂದ. ಮಾಯಪ್ಪ ಮುಂಬಯಿಯನ್ನು ಕಂಡವನೇ ಅಲ್ಲ. ಡಂಗುರ ಸಾರುತ್ತ, ಗೌಡರ ಮನೆಗೆ ಕಟ್ಟಿಗೆ ಒಡೆದು ಹಾಕುತ್ತ ಕೌಜಲಗಿಯ ಕೇರಿಯಲ್ಲೇ ಸತ್ತವನು. ಅಂತೂ ಇವತ್ತು ಮೊದಲನೆಯ ಸುಳ್ಳೂ ಆಯಿತು ಎಂದುಕೊಂಡ. ವೀರಪ್ಪನವರು ಹೌದೇನ್ರಿ ಎಂದು ಹಿಂದಕ್ಕೆ ಸರಿದು ಕುಳಿತರು.

ಕಲ್ಲೋಳಿ ಸಮೀಪಿಸಿದಾಗ ದಾರಿ ಕಟ್ಟಿತ್ತು. ರಸ್ತೆಗೆ ಡಾಂಬರು ಹಾಕುತ್ತಿದ್ದರು. ಉರುಳುಗಲ್ಲಿನ ಎಂಜಿನ್ನು ಅಡ್ಡಕ್ಕೆ ನಿಂತು ಉಸಿರು ಬಿಡುತ್ತಿತ್ತು; ಅದು ಹಿಂದೆ ಸರಿಯುವತನಕ ಜೀಪು ನಿಲ್ಲಬೇಕಾಯಿತು. ಹೆಂಗಸರು ಕಾಲಿಗೆ ಗೋಣಿತಾಟಿನ ಚೂರು ಸುತ್ತಿಕೊಂಡು ಜಲ್ಲಿಕಲ್ಲಿನ ಬುಟ್ಟಿ ಹೊತ್ತು ಸಾಲಾಗಿ ಬರುತ್ತಿದ್ದರು. ಸಾಹೇಬರ ಜೀಪು ಕಂಡು ಮೇಸ್ತ್ರಿ ಬಾಜೂಕ ಸರೀರಿ ಎಂದು ಅವರನ್ನು ದಾರಿಯ ಅಂಚಿಗೆ ತಳ್ಳಿದ. ಬುಟ್ಟಿ ಇಳಿಸದೆ, ತಲೆಯ ಮೇಲೆಯೇ ಇಟ್ಟುಕೊಂಡು ಅವರು ನಿಂತರು. ಮೂರನೆಯವಳು ಇಂದ್ರವ್ವ. ಅವನ ಅಕ್ಕ. ಮೊದಲು ಅವನು ಗುರುತಿಸಿದ್ದು ಅವಳ ನಿಲುವನ್ನು, ಒಂದು ಸೊಂಟ ಇಳಿಬಿಟ್ಟು, ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುವ ರೀತಿಯನ್ನು. ಲಂಡನ್ನಿನಿಂದ ಬಂದ ಹೊಸದರಲ್ಲಿ ಒಮ್ಮೆ ಕಲ್ಲೋಳಿಗೆ, ಅವಳ ಗಂಡನ ಮನೆಗೆ, ಬಂದು ಹೋಗಿದ್ದ. ಅದಾಗಿ ಹತ್ತು ವರ್ಷ. ಅವಳ ಕೂದಲು ನೆರೆತಿತ್ತು. ಅವಳು ಎಲ್ಲರಂತೆ ಜೀಪಿನ ಕಡೆಗೇ ನೋಡುತ್ತಿದ್ದಳು, ಆದರೆ ನೋಟದಲ್ಲಿ ಏನೂ ಇರಲಿಲ್ಲ. ಇಳಿಯಬೇಕು ಎಂದು ಅವನಿಗೆ ಅನ್ನಿಸಿತು. ಕೈ ಜೀಪಿನ ಕಬ್ಬಿಣದ ಸರಳಿನ ಮೇಲಿತ್ತು. ಅಷ್ಟರಲ್ಲಿ ವೀರಪ್ಪನವರು, ಎಲ್ಲಾ ಕೇರಿಯ ಮಂದಿ, ಮೊನ್ನೆ ಮೊನ್ನೆ ಬುದ್ಧನ ಧರ್ಮಕ್ಕೆ ಹೋದರು ಎಂದು ಮಾಮಲೇದಾರರಿಗೆ ಹೇಳಿ, ಎಲ್ಲರಿಗೂ ಕೇಳುವಂತೆ ಸೇರಿಸಿದರು:

"ಧರ್ಮ ಬದಲಾತು, ದೇವರ ಬದಲಾದ. ಬುಟ್ಟಿ ಒಂದ ಬದಲಾಗಲಿಲ್ಲ ನೋಡ್ರಿ."

ಮಾಮಲೇದಾರರು ನಕ್ಕರು. ಕರೆಪ್ಪನೂ ನಕ್ಕ. ಹೇಗೆ ನಕ್ಕನೋ ಅವನಿಗೇ ತಿಳಿಯಲಿಲ್ಲ. ದಿಲ್ಲಿಯ ಸಭೆಗಳಲ್ಲಿ ಮಂತ್ರಿಗಳ ಮಾತಿಗೆ ನಕ್ಕು ನಕ್ಕು ರೂಢಿಯಾದ ಆ ನಗೆ ತಾನಾಗಿಯೇ ಮೂಗಿನಿಂದ ಹೊರಬಂದು ಬಿಟ್ಟಿತು. ಆಗ ಇಂದ್ರವ್ವನ ಮುಖದಲ್ಲಿ ಏನೋ ಅಲುಗಿತು. ಅವಳು ನೆಟ್ಟಗೆ ಅವನನ್ನೇ ನೋಡಿದಳು; ಮರುಕ್ಷಣ ಒಂದು ಕೈಯಿಂದ ಬುಟ್ಟಿಯನ್ನು ಹಿಡಿದು ಇನ್ನೊಂದರಿಂದ ಸೆರಗನ್ನು ಹಣೆಯ ಕೆಳಗೆಳೆದುಕೊಂಡು, ಹೊಲದ ಕಡೆಗೆ ಮುಖ ತಿರುಗಿಸಿದಳು. ಎಂಜಿನ್ನು ಹಿಂದೆ ಸರಿಯಿತು. ಜೀಪು ಹೊರಟಿತು.

ಕಾಲುವೆಯ ಏರಿಯ ಮೇಲೆ ನಿಂತು ಅವನು ಕಬ್ಬಿನ ಗದ್ದೆಗಳನ್ನು ನೋಡಿದ, ಪ್ರಶ್ನೆ ಕೇಳಿದ, ಉತ್ತರಗಳಿಗೆ ತಲೆಯಾಡಿಸಿದ. ನೀರು ಎಲ್ಲಿಂದ ಬರುತ್ತದೆ, ಯಾರ ಹೊಲಕ್ಕೆ ಮೊದಲು ಹೋಗುತ್ತದೆ ಎಂಬುದನ್ನು ಎಂಜಿನಿಯರೊಬ್ಬರು ಕೋಲಿನಿಂದ ತೋರಿಸುತ್ತಿದ್ದರು. ಅವಳು ಮುಖ ತಿರುಗಿಸಿದ್ದು ನಾಚಿಕೆಯಿಂದಲೋ, ಅಸಹ್ಯದಿಂದಲೋ, ಇಲ್ಲಾ ತನ್ನನ್ನು ಕಾಪಾಡಲೆಂದೋ. ಮೂರನೆಯದೇ ಇರಬೇಕೆಂದು ತೋರಿದಾಗ ಅದೇ ಎಲ್ಲಕ್ಕಿಂತ ತಾಳಲಾರದ್ದಾಯಿತು. ಅವನಿಗೆ ಹೆಸರು ತಂದುಕೊಟ್ಟ ಪ್ರಬಂಧವೂ ಇಂಥ ಊರುಗಳ ಬಗೆಗೇ ಇತ್ತು. ಯುದ್ಧ ಮುಗಿದ ವರ್ಷ ಲಂಡನ್ನಿನ ಒಂದು ಬಾಡಿಗೆಯ ಕೋಣೆಯಲ್ಲಿ, ಕೈಗೆ ಉಣ್ಣೆಯ ಚೀಲ ತೊಟ್ಟುಕೊಂಡು ಬರೆದದ್ದು. ಅದರ ತಾತ್ಪರ್ಯ ಇಷ್ಟು: ನಮ್ಮ ಹಳ್ಳಿಗಳಲ್ಲಿ ದುಡಿಯುವಂತೆ ಕಾಣುವವರಲ್ಲಿ ಬಹಳ ಮಂದಿ ಬೇಕಾದುದಕ್ಕಿಂತ ಹೆಚ್ಚಿನವರು. ಅವರನ್ನು ಎಬ್ಬಿಸಿ ಬೇರೆ ಕಡೆ ಕಳಿಸಿದರೂ ಬೆಳೆ ಕಡಿಮೆಯಾಗುವುದಿಲ್ಲ, ಮನೆ ನಿಲ್ಲುವುದಿಲ್ಲ, ಹೋದವರ ಜಾಗ ಖಾಲಿಯೇ ಕಾಣುವುದಿಲ್ಲ. ದೊಡ್ಡ ದೊಡ್ಡವರು ಅದನ್ನು ಮೆಚ್ಚಿದರು, ದಿಲ್ಲಿಗೆ ಕರೆಸಿಕೊಂಡರು. ಬರೆಯುವಾಗ ಅವನ ಕಣ್ಣ ಮುಂದಿದ್ದದ್ದು ತನ್ನದೇ ಮನೆ. ತಾನು ಹುಕ್ಕೇರಿಗೆ, ಅಲ್ಲಿಂದ ಕೊಲ್ಲಾಪುರಕ್ಕೆ, ಮುಂಬಯಿಗೆ ಹೋದ; ಏನೂ ನಿಲ್ಲಲಿಲ್ಲ. ಗೌಡರ ಮನೆಗೆ ಕಟ್ಟಿಗೆ ಬೀಳುತ್ತಲೇ ಇತ್ತು, ಎಮ್ಮೆಗೆ ಮೇವು ಬರುತ್ತಲೇ ಇತ್ತು. ಖರೆ. ಆದರೆ ಅದನ್ನು ಆಮೇಲೆ ತಂದವರು ಯಾರು ಎಂದು ಆ ಪ್ರಬಂಧದ ಯಾವ ಪುಟದಲ್ಲೂ ಅವನು ಕೇಳಿಕೊಂಡಿರಲಿಲ್ಲ. ಈಗ ಏರಿಯ ಮೇಲೆ ನಿಂತಾಗ, ತಾನು ಬಿಟ್ಟುಹೋದ ಕೊಡಲಿ, ಕುಡುಗೋಲು, ಹಗ್ಗ ಎಲ್ಲ ಆ ಒಂದೇ ನೆರೆತ ತಲೆಯ ಮೇಲೆ ಬಿದ್ದವು ಎಂಬುದು ಎಷ್ಟು ಸರಳವಾಗಿ ಹೊಳೆಯಿತೆಂದರೆ, ಎಂಜಿನಿಯರ ಮಾತಿನ ನಡುವೆಯೇ ಅವನು ಹೌದು ಹೌದು ಎಂದುಬಿಟ್ಟ. ಎಂಜಿನಿಯರು ಸಂತೋಷಪಟ್ಟರು.

ವೀರಪ್ಪನವರ ಮನೆ ಮೂಡಲಗಿಯ ಪೇಟೆಯಲ್ಲಿ. ದೊಡ್ಡ ಬಾಗಿಲು, ಬಾಗಿಲ ಮೇಲೆ ಕೆತ್ತನೆ. ಪಡಸಾಲೆಯಲ್ಲಿ ಅವನಿಗೂ ಮಾಮಲೇದಾರರಿಗೂ ಮೇಜು, ಕುರ್ಚಿ ಹಾಕಿದ್ದರು. ಮೇಜಿನ ಮೇಲೆ ಬಿಳಿಯ ಅರಿವೆ, ಹೊಸ ಪಿಂಗಾಣಿ ತಾಟುಗಳು. ಸಾಹೇಬರಿಗೆ ನೆಲದ ಮೇಲೆ ಕೂತು ರೂಢಿ ಇರಲಿಕ್ಕಿಲ್ಲ ಎಂದು ವೀರಪ್ಪನವರು ಕೈ ಮುಗಿದರು. ಅವನು ಮನಸ್ಸಿನಲ್ಲಿ ಅವರ ಅಚ್ಚುಕಟ್ಟುತನವನ್ನು ಮೆಚ್ಚಿಕೊಂಡ. ಬಿಳಿಜೋಳದ ತೆಳು ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ, ಕೆನೆಮೊಸರು. ಎಷ್ಟೋ ವರ್ಷದ ಮೇಲೆ ರೊಟ್ಟಿ ಮುರಿಯುತ್ತಿದ್ದ ಅವನ ಬೆರಳುಗಳು ತಾವಾಗಿಯೇ ಹಳೆಯ ಕೆಲಸಕ್ಕೆ ಹತ್ತಿದವು. ಎದೆ ಸ್ವಲ್ಪ ಹಗುರಾಗುತ್ತಿತ್ತು. ಊಟ ಮುಗಿಯುತ್ತ ಬಂದಾಗ ಒಳಗಿನ ಕೋಣೆಯಿಂದ ಮುದುಕಿಯೊಬ್ಬಳ ದನಿ ಬಂತು. ವೀರಪ್ಪನವರ ತಾಯಿ ಯಮನವ್ವ. ಕಿವಿ ಮಂದವಾದವರು ಮಾತಾಡುವಂತೆ ದೊಡ್ಡದಾಗಿ ಸೊಸೆಯನ್ನು ಕೇಳುತ್ತಿದ್ದಳು:

"ಮಾಯಪ್ಪನ ಮಗಾ ಹೊಟ್ಟಿ ತುಂಬ ಉಂಡನೇನ?"

ಮಾಮಲೇದಾರರು ಲೋಟದೊಳಗಿನ ಮಜ್ಜಿಗೆಯನ್ನು ನೋಡತೊಡಗಿದರು. ಒಳಗೆ ಸೊಸೆ ಏನೋ ಪಿಸುಗುಟ್ಟಿದಳು. ಯಾಕ ಕೇಳಬಾರದು, ಅವರಪ್ಪ ನಮ್ಮ ತವರುಮನಿ ಅಂಗಳದಾಗ ಕಟಗಿ ಒಡದಾಂವ ಎಂದು ಮುದುಕಿ ಮತ್ತೂ ದೊಡ್ಡದಾಗಿ ಹೇಳಿದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳ ದನಿಯಲ್ಲಿದ್ದದ್ದು ಒಂದು ಬಗೆಯ ಕಕ್ಕುಲಾತಿಯೇ. ವೀರಪ್ಪನವರು ಮುಗುಳುನಗುತ್ತ ಕೈ ತೊಳೆಯಲು ತಾವೇ ನೀರು ಹಾಕಿದರು.

"ಅವ್ವಗ ವಯಸ್ಸಾಗೈತ್ರಿ. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

"ನಿಮಗ ಮೊದಲಽ ಗೊತ್ತಿತ್ತೇನು?"

"ಗೊತ್ತಿತ್ರಿ. ಎಲ್ಲಾರಿಗೂ ಗೊತ್ತೈತಿ. ನೀವಾಗಿ ಹೇಳಲಿಲ್ಲ ಅಂದ್ರ ನಾವ್ಯಾಕ ಕೆದಕೂದು ಅಂತ ಸುಮ್ಮನಿದ್ದಿವಿ. ನೀವು ಈಗ ದಿಲ್ಲಿಯವರು. ನಮ್ಮ ಕಾರಖಾನಿದೊಂದು ಮನಸಿನ್ಯಾಗ ಇಟ್ಟಕೋರಿ, ಸಾಕು."

ನೀರು ಬೆರಳುಗಳ ಮೇಲೆ ಬೀಳುತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಜೀಪಿನಲ್ಲಿ ಬುಟ್ಟಿಯ ಮಾತು ಆಡುವಾಗ ಗೊತ್ತಿತ್ತು. ತಾನು ನಕ್ಕಾಗ ಮಾಮಲೇದಾರರಿಗೆ ಗೊತ್ತಿತ್ತು. ತಿರುಗಿ ನೋಡಿದ. ಒಳಮನೆಯ ನೆಲದ ಮೇಲೆ ಮಣೆಗಳ ಸಾಲು, ಹಿತ್ತಾಳೆಯ ತಾಟುಗಳು. ಮನೆಯವರು, ಬೀಗರು ಇನ್ನು ಅಲ್ಲಿ ಕುಳಿತು ಊಟ ಮಾಡುವವರಿದ್ದರು. ಮೇಜು ಕುರ್ಚಿಗಳು ಯಾಕೆ ಬಂದವೆಂದು ಆಗ ಅವನಿಗೆ ತಿಳಿಯಿತು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ತಾನು ಬಚ್ಚಿಟ್ಟುಕೊಂಡು ತಿರುಗಿದ್ದನ್ನು ಊರೆಲ್ಲ ನೋಡಿಯೂ ನೋಡದವರಂತೆ ದಾಟಿಸುತ್ತ ಬಂದದ್ದು, ಬತ್ತಲೆ ತಿರುಗುವ ಮುದುಕನಿಗೆ ಯಾರೂ ಏನೂ ಅನ್ನದಿರುವಂತೆ, ಅದೊಂದೇ ಅವನನ್ನು ಹಿಂಡಿತು. ದಿಲ್ಲಿಯಲ್ಲೂ ಹೀಗೆಯೇ ಇದ್ದಿರಬಹುದೇ? ತನ್ನ ಪಕ್ಕದ ಕೋಣೆಯವರು, ಚಹಾಕ್ಕೆ ಕರೆದೂ ಮನೆಯ ಒಳಗಿನವರನ್ನು ಪರಿಚಯಿಸದೆ ಕಳಿಸಿದವರು? ಅವನು ಕೈ ಒರೆಸಿಕೊಂಡು, ನನಗೆ ಸ್ವಲ್ಪ ಬೇರೆ ಕೆಲಸವಿದೆ, ಸಂಜೆ ನೇರ ಗೋಕಾಕಕ್ಕೇ ಬರುತ್ತೇನೆ ಎಂದು ಹೊರಬಿದ್ದ. ಡ್ರೈವರನಿಗೆ ಕಲ್ಲೋಳಿಗೆ ಹೋಗು ಎಂದ.

ಡಾಂಬರು ತೀರಿ ರಸ್ತೆಯ ಕೆಲಸ ಬೇಗ ಬಿಟ್ಟಿತ್ತು. ಕೇರಿಯ ಬಾಯಿಗೆ ಜೀಪು ನಿಲ್ಲಿಸಿ ನಡೆದ. ಇಂದ್ರವ್ವ ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತು, ಕೈಗೆ ಹತ್ತಿದ ಡಾಂಬರನ್ನು ಚಿಮಣಿಎಣ್ಣೆಯ ಅರಿವೆಯಿಂದ ತಿಕ್ಕುತ್ತಿದ್ದಳು. ಅವನನ್ನು ಕಂಡು ಗಾಬರಿಯಾಗಲಿಲ್ಲ, ಹಿಗ್ಗಲೂ ಇಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು.

"ಬರ್ರಿ ಸಾಹೇಬ್ರ. ಒಳಗ ಬರ್ರಿ."

ಅವಳ ಗಂಡ ಉದ್ದಪ್ಪ ಒಳಗೆ ಕೂಡಲು ಹೊರಸು ಹಾಕಿ, ಮಂದಿ ಸೇರದಂತೆ ನೋಡಿಕೊಳ್ಳಲು ಜೀಪಿನ ಕಡೆ ಹೋದ. ಒಳಗೆ ಸಾರಿಸಿದ ನೆಲ. ಅವ್ವ ಸಾವಂತ್ರೆವ್ವ ಬಂಡಾರ ಹಚ್ಚಿ ಕೈ ಮುಗಿಯುತ್ತಿದ್ದಂಥ ದೇವರ ಮಾಡ ಈ ಮನೆಯಲ್ಲೂ ಇತ್ತು. ಅದು ಖಾಲಿಯಾಗಿ, ಅಲ್ಲೊಂದು ಬುದ್ಧನ ಚಿತ್ರ ಬಂದಿತ್ತು. ಅವ್ವ ಸತ್ತಾಗ ಅವನು ಲಂಡನ್ನಿನಲ್ಲಿದ್ದ. ಇವರು ಧರ್ಮ ಬಿಟ್ಟಾಗ ದಿಲ್ಲಿಯಲ್ಲಿದ್ದ; ಪೇಪರಿನಲ್ಲಿ ಸುದ್ದಿ ಓದಿ, ಯಾರೂ ನೋಡದಂತೆ ಆ ಪುಟ ಮಡಚಿಟ್ಟಿದ್ದ. ಯಾವುದನ್ನೂ ಬಿಡದವನು, ಯಾವುದನ್ನೂ ಹಿಡಿಯದವನು.

"ಅಕ್ಕಾ, ನನಗ ರಿ ಅನಬ್ಯಾಡ."

"ಬ್ಯಾರೆ ಹೆಂಗ ಅನ್ನೂದ್ರಿ? ಬಾಯಿಗೆ ಬರವಲ್ದು."

ಅವಳು ಕೈ ತಿಕ್ಕುತ್ತಲೇ ಇದ್ದಳು. ಉಗುರಿನ ಸುತ್ತ ಕಪ್ಪು ಕುಳಿತುಬಿಟ್ಟಿತ್ತು. ಹೇಳಬೇಕಾದದ್ದನ್ನು ಅವನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಈಗ ಅದನ್ನೆಲ್ಲ ಬಿಟ್ಟು ನಡುವಿನಿಂದಲೇ ಸುರು ಮಾಡಿದ.

"ಮುಂಜಾನೆ ರಸ್ತೆದಾಗ ನೀ ನನ್ನ ನೋಡಿದಿ," ಎಂದ.

"ಹೂಂ. ಮೊದಲ ಗುರ್ತ ಹತ್ತಲಿಲ್ಲ. ಟೋಪಗಿ, ಕಣ್ಣಿಗೆ ಚಾಳೀಸ, ಮೈಯೂ ಬ್ಯಾರೇನ ಬಂದೈತಿ. ಯಾರೋ ಸಾಹೇಬ ಅಂತ ನೋಡಕೋತ ನಿಂತಿದ್ದೆ. ಆಮ್ಯಾಲ ನಕ್ಕಿ ನೋಡ, ಆವಾಗ ಗುರ್ತ ಸಿಕ್ತು. ಅವ್ವ ಹಂಗಽ ನಗತಿದ್ಲು, ಮೂಗಿನ್ಯಾಗ."

ಅವಳು ನಕ್ಕಿ ಎಂದಿದ್ದಳು, ರಿ ಇಲ್ಲದೆ. ಅವಳಿಗೇ ಅದು ಗೊತ್ತಾಗಿರಲಿಲ್ಲ. ಅವನು ಹೊರಸಿನ ಅಂಚಿಗೆ ಸರಿದು ಕುಳಿತ.

"ಯಾಕ ನಕ್ಕೆ ಅನ್ನೂದು ಕೇಳಿಸಲಿಲ್ಲೇನ ನಿನಗ?"

"ಕೇಳ್ತು. ಅಂಥಾ ಮಾತ ದಿನಾ ಕೇಳ್ತೇವಿ. ಅವ್ವನ ನಗು ಕೇಳಿ ಭಾಳ ದಿನ ಆಗಿತ್ತು."

ಹೊರಗೆ ಉದ್ದಪ್ಪ ಯಾರಿಗೋ, ದೂರ ನಿಂದರ್ರಿ ಎನ್ನುತ್ತಿದ್ದ. ಕರೆಪ್ಪ ಕನ್ನಡಕ ತೆಗೆದು ಅರಿವೆಯಿಂದ ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಅವಳು ಏಳುವಾಗ ಮೊಣಕಾಲಿನ ಮೇಲೆ ಕೈಯೂರಿ ಎದ್ದದ್ದನ್ನು ಕಂಡು, ನನ್ನ ಸಂಗಾಟ ದಿಲ್ಲಿಗೆ ಬಾ, ಮಾವನೂ ಬರಲಿ, ದೊಡ್ಡ ಬಂಗಲೆ ಇದೆ, ಆಳುಗಳಿದ್ದಾರೆ, ಇನ್ನು ಬುಟ್ಟಿ ಹೊರಬೇಡ ಎಂದು ಒಂದೇ ಉಸಿರಿಗೆ ಹೇಳಿದ. ಅವಳು ಒಲೆಗೆ ಕಡ್ಡಿ ಒಟ್ಟುತ್ತ ಕೇಳಿಸಿಕೊಂಡಳು. ಬಂಗಲೆಯಲ್ಲಿ ಹಿತ್ತಲು ಇದೆಯೇ ಎಂದು ಕೇಳಿದಳು. ಇದೆ ಎಂದ. ಸ್ವಲ್ಪ ಹೊತ್ತಿನ ಮೇಲೆ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು:

"ಅಲ್ಲಿ ಮಂದಿ ಮನಿಗೆ ಬಂದಾಗ ನಾ ಯಾರಂತ ಹೇಳ್ತಿ?"

ಉತ್ತರ ನಾಲಿಗೆಯ ಮೇಲೆಯೇ ಇತ್ತು. ಆದರೆ ಅದು ಹೊರಗೆ ಬರುವ ಮೊದಲು ಅವನ ಕಣ್ಣೆದುರು ದಿಲ್ಲಿಯ ಆ ಕೋಣೆ ಬಂತು, ಸೋಫಾದ ಮೇಲೆ ಕುಳಿತ ಕಾರ್ಯದರ್ಶಿಯ ಹೆಂಡತಿ ಬಂದಳು, ಅವಳ ಹುಬ್ಬು ಬಂತು. ಒಂದು ಗಳಿಗೆ, ಅಷ್ಟೇ. ನನ್ನ ಅಕ್ಕ ಅಂತ ಹೇಳ್ತೀನಿ ಎಂದ. ಅಷ್ಟರಲ್ಲಿ ಅವಳು ಆ ಒಂದು ಗಳಿಗೆಯನ್ನು ನೋಡಿಯಾಗಿತ್ತು. ಹೂಂ, ಹೇಳ್ತಿ ಬಿಡು ಎಂದು, ಬೈಯದೆ, ಬೇಸರವನ್ನೂ ಮಾಡಿಕೊಳ್ಳದೆ, ಚಹಾದ ನೀರಿಗೆ ಬೆಲ್ಲ ಹಾಕಿದಳು. ಆಮೇಲೆ ಅವರು ಆಡಿದ್ದು ಅವಳ ಮಗಳ ಸುದ್ದಿ, ಉದ್ದಪ್ಪನ ಕೆಮ್ಮು, ಕೌಜಲಗಿಯ ಹಳೆಯ ಮನೆಯ ಗೋಡೆ ಬಿದ್ದದ್ದು. ಸಂಜೆ ಗೋಕಾಕಕ್ಕೆ ತನ್ನ ಜೊತೆ ಜೀಪಿನಲ್ಲೇ ಬಾ ಎಂದಾಗ, ನಾ ಅಲ್ಲಿ ಎಲ್ಲಿ ನಿಂದರ್ಲೋ ಎಂದು ಒಮ್ಮೆ ನಕ್ಕಳು. ಅದು ಬೇಡವೆಂದೂ ಆಗಿತ್ತು, ನಿಜವಾದ ಪ್ರಶ್ನೆಯೂ ಆಗಿತ್ತು. ಹೊತ್ತಾತು, ನೀ ಹೋಗು ಎಂದು ಅವಳೇ ಎಬ್ಬಿಸಿದಳು. ಬಾಗಿಲಿನವರೆಗೆ ಬಂದು ನಿಂತಳು, ಜೀಪಿನತನಕ ಬರಲಿಲ್ಲ.

ಗೋಕಾಕದ ಸಭಾಗೃಹ ತುಂಬಿತ್ತು. ಪೆಟ್ರೊಮ್ಯಾಕ್ಸ್ ದೀಪಗಳು ಸುಯ್ಯೆನ್ನುತ್ತಿದ್ದವು. ವೀರಪ್ಪನವರು ಶಾಲು ಹೊದಿಸಿದರು. ಒಬ್ಬ ವಕೀಲರು ಅವನ ಪದವಿಗಳನ್ನು, ಏರಿದ ಹುದ್ದೆಗಳನ್ನು, ಹೋಗಿಬಂದ ದೇಶಗಳನ್ನು ಒಂದೊಂದಾಗಿ ಹೇಳಿ, ಈ ಮಣ್ಣಿನ ಮಗ ಎಂದು ಮುಗಿಸಿದರು. ಯಾರ ಮಗ ಎಂದು ಹೇಳಲಿಲ್ಲ. ಕರೆಪ್ಪ ಎದ್ದು ನಿಂತ. ಇಂಗ್ಲೀಷಿನಲ್ಲಿ ಸಿದ್ಧಮಾಡಿಕೊಂಡು ಬಂದ ಭಾಷಣದ ಹಾಳೆಗಳು ಕೋಟಿನ ಕಿಸೆಯಲ್ಲಿದ್ದವು; ಅವನು ಅವನ್ನು ಮುಟ್ಟಲಿಲ್ಲ. ಎದುರಿನ ಮುಖಗಳಲ್ಲಿ ಒಂದೂ ಗುರುತಿನದಲ್ಲ. ಹಿಂದಿನ ಗೋಡೆಗೆ ಒರಗಿ ನಿಂತವರ ನಡುವೆ ಅವನ ಕಣ್ಣು ಸುಮ್ಮನೆ ಒಮ್ಮೆ ಹುಡುಕಾಡಿತು. ಟೈಯ ಗಂಟನ್ನು ಸಡಿಲಿಸಿದ. ಮೂವತ್ತು ವರ್ಷ ಕಟ್ಟಿ ಹಿಡಿದದ್ದನ್ನು ಇನ್ನು ಬಿಡಬೇಕು ಎಂದುಕೊಂಡ.

"ನಾ ಕೌಜಲಗಿ ಕೇರಿಯ ಡಂಗುರದ ಮಾಯಪ್ಪನ ಮಗ," ಎಂದ. "ಇಂದು ಮುಂಜಾನೆ ಕಲ್ಲೋಳಿ ರಸ್ತೆದಾಗ ಕಲ್ಲು ಹೊರಾಕತ್ತಿದ್ದಾಕಿ ನಮ್ಮಕ್ಕ."

ಮುಂದಿನ ಸಾಲಿನಿಂದ ಚಪ್ಪಾಳೆ ಎದ್ದಿತು. ಮೊದಲು ತಟ್ಟಿದವರು ವೀರಪ್ಪನವರು. ಅದು ಸಾಲಿನಿಂದ ಸಾಲಿಗೆ ಹಬ್ಬುತ್ತ ಗೋಡೆಯ ತನಕ ಹೋಗಿ, ಅಲ್ಲಿಂದ ಮತ್ತೂ ದೊಡ್ಡದಾಗಿ ತಿರುಗಿ ಬಂತು. ವಕೀಲರು ಕಣ್ಣೊರೆಸಿಕೊಂಡರು. ಎಂಥಾ ದೊಡ್ಡ ಮನಸ್ಸು ಎಂದು ಯಾರೋ ಪಕ್ಕದವರಿಗೆ ಹೇಳಿದ್ದು ವೇದಿಕೆಯ ತನಕ ಕೇಳಿತು. ಅವನು ಆಡಿದ ಮಾತೂ ಅವನ ಪದವಿಗಳ ಸಾಲಿನಲ್ಲಿ ಹೋಗಿ ಕುಳಿತಿತು. ಮುಂದಿನ ಮಾತು ಹೇಳಬೇಕೆಂದು ಅವನು ಚಪ್ಪಾಳೆ ನಿಲ್ಲುವುದನ್ನೇ ಕಾಯುತ್ತ ನಿಂತ. ಅದು ನಿಂತಿತು. ಎಲ್ಲರೂ ಮುಖವೆತ್ತಿ ಅವನನ್ನೇ ನೋಡುತ್ತಿದ್ದರು. ಹೇಳಲು ಅವನಲ್ಲಿ ಮುಂದಿನ ಮಾತು ಇರಲಿಲ್ಲ.